ಹುಸೇನ್ ಸಾಗರದ ಕಾಣದ ಕೆಲಸಗಾರರು



ಕಳೆದ ತಿಂಗಳು ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಕಾಚಿಗುಡದಿಂದ ಒಬ್ಬ ಅಜ್ಜಿ ಫೋನ್ ಮಾಡಿದ್ದರು. ಹಾಡು ಕೇಳುವುದಕ್ಕಲ್ಲ, ಒಂದು ಪ್ರಶ್ನೆ ಕೇಳುವುದಕ್ಕೆ. ಭಾನುವಾರ ಸಂಜೆ ಆರನೇ ಕ್ಲಾಸಿನ ಮೊಮ್ಮಗನನ್ನು ಕರೆದುಕೊಂಡು ನೆಕ್ಲೆಸ್ ರೋಡಿಗೆ ಹೋಗಿದ್ದರಂತೆ. ಹುಡುಗ ಮೂಗು ಮುಚ್ಚಿಕೊಂಡು, ಹಸಿರು ಬಣ್ಣಕ್ಕೆ ತಿರುಗಿದ್ದ ನೀರನ್ನು ನೋಡುತ್ತ, "ಅಜ್ಜಿ, ಈ ಕೆರೆ ಸತ್ತುಹೋಗಿದೆಯಾ?" ಎಂದನಂತೆ. "ಇಪ್ಪತ್ತು ವರ್ಷದಿಂದ ಶುದ್ಧ ಮಾಡ್ತೀವಿ, ಶುದ್ಧ ಮಾಡ್ತೀವಿ ಅಂತ ಕೇಳ್ತಾನೇ ಇದೀನಪ್ಪ. ಆದ್ರೂ ಯಾಕೆ ಈ ವಾಸನೆ? ಹುಡುಗನಿಗೆ ನಾನು ಏನು ಹೇಳಲಿ?" ಎಂಬುದು ಅಜ್ಜಿಯ ಪ್ರಶ್ನೆ.

ಎರಡು ಹಾಡುಗಳ ನಡುವೆ ನನಗಿದ್ದದ್ದು ಅರ್ಧ ನಿಮಿಷ. "ಕೊಳಚೆ ನೀರು ಸೇರುತ್ತದಲ್ಲ ಅಜ್ಜಿ, ಅದಕ್ಕೇ" ಎಂದು ಹೇಳಿ ಮುಂದಿನ ಹಾಡು ಹಾಕಿಬಿಟ್ಟೆ. ಅಂದು ರಾತ್ರಿ ಮನೆಗೆ ಹೋಗುವಾಗ ಬಸ್ಸು ಟ್ಯಾಂಕ್‌ಬಂಡ್ ಮೇಲೆ ಸಿಗ್ನಲ್ಲಿಗೆ ನಿಂತಿತು. ಕಿಟಕಿಯಿಂದ ಅದೇ ವಾಸನೆ ಬಂತು. ಅಜ್ಜಿಗೆ ಕೊಟ್ಟ ಉತ್ತರ ಅರೆಬೆಂದ ಉತ್ತರ ಎಂದು ಆಗ ಅನಿಸಿತು. ನಾನು ಓದಿದ್ದು ಕನ್ನಡ ಬಿ.ಎ. ನನ್ನ ವಿಜ್ಞಾನ ಹತ್ತನೇ ಕ್ಲಾಸಿಗೇ ಮುಗಿದಿತ್ತು. ಹಾಗಾಗಿ ಒಂದು ತಿಂಗಳು ಕೂತು ಓದಿದೆ, ಬಲ್ಲವರನ್ನು ಕೇಳಿದೆ. ಅಜ್ಜಿಗೂ ಮೊಮ್ಮಗನಿಗೂ ನಿಮಗೂ ಆ ಉತ್ತರವನ್ನು ಈ ಸಂಚಿಕೆಯಲ್ಲಿ ಪೂರ್ತಿಯಾಗಿ ಬಡಿಸುತ್ತಿದ್ದೇನೆ.

ಒಂದು ಚಮಚ ನೀರಿನಲ್ಲಿ ಒಂದು ನಗರ

ಯಾವುದೇ ಕೆರೆಯಿಂದ ಒಂದು ಚಮಚ ನೀರು ತೆಗೆದುಕೊಳ್ಳಿ. ನೋಡಲು ತಿಳಿಯಾಗಿದ್ದರೂ ಅದರಲ್ಲಿ ಸುಮಾರು 50 ಲಕ್ಷ ಬ್ಯಾಕ್ಟೀರಿಯಾಗಳಿರುತ್ತವೆ. ಕೊಳಚೆ ಸೇರಿದ ಕೆರೆಯಾದರೆ ಇನ್ನೂ ಹೆಚ್ಚು. ಅವುಗಳ ಮೇಲೆ ದಾಳಿ ಮಾಡುವ ವೈರಸ್‌ಗಳು ಅದರ ಹತ್ತುಪಟ್ಟು. ಕೆರೆಯ ತಳದ ಕೆಸರಿನ ಒಂದೇ ಒಂದು ಗ್ರಾಮಿನಲ್ಲಿ ನೂರು ಕೋಟಿ ಬ್ಯಾಕ್ಟೀರಿಯಾ ಇರುವುದೂ ಸಾಮಾನ್ಯ. ಇವುಗಳ ಜೊತೆಗೆ ಬಿಸಿಲುಂಡು ಬೆಳೆಯುವ ಸೂಕ್ಷ್ಮ ಪಾಚಿಗಳು, ಬ್ಯಾಕ್ಟೀರಿಯಾಗಳನ್ನು ನುಂಗುವ ಏಕಕೋಶ ಜೀವಿಗಳು, ಶಿಲೀಂಧ್ರಗಳು.

ಸೂಕ್ಷ್ಮಜೀವಿ ಎಂದ ತಕ್ಷಣ ನಮಗೆ ರೋಗವೇ ನೆನಪಾಗುತ್ತದೆ. ಆದರೆ ಹಾಲಿಗೆ ಹೆಪ್ಪು ಹಾಕುವ, ಇಡ್ಲಿ ಹಿಟ್ಟು ಹುದುಗಿಸುವ ನಮ್ಮ ಅಡುಗೆಮನೆಗೆ ಇವು ಹೊಸಬರೇನಲ್ಲ. ಕೆರೆಯಲ್ಲಿ ಇವುಗಳ ಕೆಲಸ ಒಂದೇ ಮಾತಿನಲ್ಲಿ ಹೇಳುವುದಾದರೆ, ಸತ್ತದ್ದನ್ನು ಮತ್ತೆ ಬದುಕಿಗೆ ಒದಗಿಸುವುದು. ಬಿದ್ದ ಎಲೆ, ಸತ್ತ ಮೀನು, ಹಕ್ಕಿಯ ಹಿಕ್ಕೆ, ನಮ್ಮ ಬಚ್ಚಲ ನೀರು, ಎಲ್ಲವನ್ನೂ ಬಿಡಿಸಿ ಅದರೊಳಗಿನ ಇಂಗಾಲ, ಸಾರಜನಕ, ರಂಜಕ, ಗಂಧಕಗಳನ್ನು ಪಾಚಿ ಮತ್ತು ಗಿಡಗಳು ಮತ್ತೆ ಉಣ್ಣುವ ರೂಪಕ್ಕೆ ತರುತ್ತವೆ. ಪಾಚಿಯನ್ನು ಸಣ್ಣ ಹುಳು ತಿನ್ನುತ್ತದೆ, ಹುಳುವನ್ನು ಮೀನು, ಮೀನನ್ನು ಬೆಳ್ಳಕ್ಕಿ. ಇದು ನಾವು ಶಾಲೆಯಲ್ಲಿ ಓದಿದ ಆಹಾರ ಸರಪಳಿ.

ಆ ಸರಪಳಿಯ ಪಕ್ಕದಲ್ಲಿ ಇನ್ನೊಂದು ಸುತ್ತು ಇದೆ ಎಂದು ಫಾರೂಕ್ ಅಜಮ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು 1983ರಲ್ಲಿ ತೋರಿಸಿಕೊಟ್ಟರು. ನೀರಿನಲ್ಲಿ ಕರಗಿ ಕಾಣದಂತಾದ ಆಹಾರವನ್ನು ಹುಳುವೂ ತಿನ್ನಲಾರದು, ಮೀನೂ ತಿನ್ನಲಾರದು. ಅದನ್ನು ಹೀರಿಕೊಳ್ಳುವುದು ಬ್ಯಾಕ್ಟೀರಿಯಾ. ಬ್ಯಾಕ್ಟೀರಿಯಾವನ್ನು ಏಕಕೋಶ ಜೀವಿಗಳು ತಿಂದು, ಅವುಗಳನ್ನು ಹುಳುಗಳು ತಿಂದು, ಕಳೆದುಹೋಗಬೇಕಿದ್ದ ಆಹಾರ ಮತ್ತೆ ಸರಪಳಿಗೆ ಬರುತ್ತದೆ. ಅಜಮ್ ನೋಡಿದ್ದು ಸಮುದ್ರವನ್ನು. ಆದರೆ ಕೆರೆಯಲ್ಲೂ ನಡೆಯುವುದು ಇದೇ.

ಪಂಕ್ತಿ ಊಟದ ಲೆಕ್ಕ

ಹಾಗಾದರೆ ವಾಸನೆ ಎಲ್ಲಿಂದ ಬಂತು? ಇದಕ್ಕೆ ಮದುವೆಮನೆಯ ಪಂಕ್ತಿಯನ್ನು ನೆನಪಿಸಿಕೊಳ್ಳಬೇಕು.

ನಾವು ಉಂಡ ಅನ್ನ ಶಕ್ತಿಯಾಗಬೇಕಾದರೆ ಆಮ್ಲಜನಕವನ್ನು ಉಸಿರಾಡಬೇಕು. ಬ್ಯಾಕ್ಟೀರಿಯಾಗಳಿಗೂ ಉಸಿರಾಟ ಬೇಕು, ಆದರೆ ಎಲ್ಲಕ್ಕೂ ಆಮ್ಲಜನಕವೇ ಬೇಕೆಂದಿಲ್ಲ. ಕೆರೆಗೆ ಕೊಳಚೆ ಎಂಬ ಊಟ ಬಂದಾಗ ಮೊದಲ ಪಂಕ್ತಿಯಲ್ಲಿ ಕೂರುವುದು ಆಮ್ಲಜನಕ ಉಸಿರಾಡುವ ಬ್ಯಾಕ್ಟೀರಿಯಾಗಳು. ಬಹಳ ಬೇಗ, ಬಹಳ ಚೊಕ್ಕವಾಗಿ ಉಂಡು ಮುಗಿಸುತ್ತವೆ. ಊಟ ಮಿತವಾಗಿದ್ದರೆ ಕಥೆ ಅಲ್ಲಿಗೇ ಮುಗಿಯಿತು, ಕೆರೆಗೆ ವಾಸನೆಯೇ ಇರುವುದಿಲ್ಲ. ಊಟ ಅತಿಯಾದರೆ ನೀರಿನಲ್ಲಿ ಕರಗಿದ್ದ ಆಮ್ಲಜನಕವೇ ಖಾಲಿ.

ಆಗ ಎರಡನೇ ಪಂಕ್ತಿ. ಇವು ನೈಟ್ರೇಟ್ ಎಂಬ ಸಾರಜನಕದ ಲವಣವನ್ನು ಉಸಿರಾಡುತ್ತವೆ. ಸಾರಜನಕ ಅನಿಲವಾಗಿ ಗಾಳಿಗೆ ಹೋಗುತ್ತದೆ. ಇದು ಕೆರೆಗೆ ಉಪಕಾರವೇ, ಹೆಚ್ಚಾದ ಸಾರಜನಕ ಹೊರಹೋಯಿತಲ್ಲ.

ಮೂರನೇ ಪಂಕ್ತಿಯವರು ಕೆಸರಿನಲ್ಲಿರುವ ಕಬ್ಬಿಣದ ತುಕ್ಕನ್ನು ಬಳಸುತ್ತಾರೆ. ಇಲ್ಲಿ ಒಂದು ಎಡವಟ್ಟು ಇದೆ. ಆ ತುಕ್ಕು ಅಷ್ಟು ದಿನ ರಂಜಕವನ್ನು ಗಟ್ಟಿಯಾಗಿ ಹಿಡಿದು ಕೂತಿರುತ್ತದೆ. ತುಕ್ಕು ಕರಗಿದರೆ ರಂಜಕವೂ ಬಿಡುಗಡೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾಲ್ಕನೇ ಪಂಕ್ತಿಯವರು ಸಲ್ಫೇಟನ್ನು ಉಸಿರಾಡುವವರು. ಅವರು ಬಿಡುವ ಉಸಿರೇ ಹೈಡ್ರೋಜನ್ ಸಲ್ಫೈಡ್, ಅಂದರೆ ಕೊಳೆತ ಮೊಟ್ಟೆಯ ವಾಸನೆ. ಆ ಹುಡುಗ ಮೂಗು ಮುಚ್ಚಿಕೊಂಡದ್ದು ಮುಖ್ಯವಾಗಿ ಇವರ ದೆಸೆಯಿಂದ. ಕೆರೆಯ ಕೆಸರು ಕಾಡಿಗೆಯಂತೆ ಕಪ್ಪಾಗುವುದೂ ಈ ಗಂಧಕ ಕಬ್ಬಿಣದ ಜೊತೆ ಸೇರುವುದರಿಂದಲೇ.

ಎಲ್ಲರೂ ಎದ್ದ ಮೇಲೆ ಕಡೇ ಪಂಕ್ತಿ ಮೀಥೇನ್ ಮಾಡುವವರದು. ನಮ್ಮ ಹಳ್ಳಿಗಳ ಗೋಬರ್ ಗ್ಯಾಸ್ ಗುಂಡಿಯಲ್ಲಿ ದುಡಿಯುವವರೂ ಇದೇ ಕುಲದವರು. ಕೊಳೆತ ಕೆರೆಯ ತಳದಿಂದ ಗುಳುಗುಳು ಎಂದು ಏಳುವ ಗುಳ್ಳೆಗಳು ಇವರ ಗುರುತು.

ಬೇಸಿಗೆಯಲ್ಲಿ ವಾಸನೆ ಏಕೆ ಹೆಚ್ಚು ಎಂಬುದೂ ಈಗ ತಿಳಿಯಿತು. 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, 30 ಡಿಗ್ರಿ ನೀರಿಗೆ ಏಳೂವರೆ ದಾಟುವುದಿಲ್ಲ. ಅದೇ ಹೊತ್ತಿಗೆ ಬಿಸಿಗೆ ಬ್ಯಾಕ್ಟೀರಿಯಾಗಳ ಹಸಿವು ಹೆಚ್ಚುತ್ತದೆ, ಕೆರೆಯ ನೀರು ಇಳಿಯುತ್ತದೆ. ಮೊದಲ ಪಂಕ್ತಿ ಬೇಗ ಏಳುತ್ತದೆ, ನಾಲ್ಕನೆಯದು ಬೇಗ ಕೂರುತ್ತದೆ.

ಕುಡಿಯುವ ಕೆರೆ ನಾಲೆಗಳ ಕೆರೆಯಾದದ್ದು

ಹುಸೇನ್ ಸಾಗರ ಹುಟ್ಟಿನಿಂದ ಹೀಗಿರಲಿಲ್ಲ. ಇಬ್ರಾಹಿಂ ಕುಲಿ ಕುತುಬ್ ಶಾಹನ ಕಾಲದಲ್ಲಿ, 1562ರ ಸುಮಾರಿಗೆ, ಹಜರತ್ ಹುಸೇನ್ ಶಾ ವಲಿಯವರ ಉಸ್ತುವಾರಿಯಲ್ಲಿ ಕಟ್ಟಿದ ಕೆರೆ ಇದು. ಅಂದರೆ ಹೈದರಾಬಾದ್ ನಗರಕ್ಕಿಂತ ಈ ಕೆರೆಯೇ ಹಿರಿದು! 20ನೇ ಶತಮಾನದ ಮೊದಲ ದಶಕಗಳವರೆಗೂ ಜನ ಇದರ ನೀರು ಕುಡಿದಿದ್ದಾರೆ.

ಹೈದರಾಬಾದಿನ ನೀರಿನ ಮಾತು ಬಂದಾಗ ಕನ್ನಡಿಗರಾದ ನಾವು ಒಬ್ಬರನ್ನು ಮರೆಯುವಂತಿಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಊರನ್ನು ಕೊಚ್ಚಿಕೊಂಡು ಹೋದ ಮೇಲೆ ನಿಜಾಮರ ಸರ್ಕಾರ ಕರೆಸಿಕೊಂಡದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ಎಂದು ಅವರು ಕೊಟ್ಟ ಸಲಹೆಯ ಫಲವೇ 1920ರ ಉಸ್ಮಾನ್ ಸಾಗರ, 1927ರ ಹಿಮಾಯತ್ ಸಾಗರ. ನಗರಕ್ಕೆ ಒಳಚರಂಡಿ ಬೇಕೆಂದು ಯೋಜನೆ ಹಾಕಿಕೊಟ್ಟವರೂ ಅವರೇ. ಒಳ್ಳೆಯ ನೀರು ಒಂದು ದಾರಿ, ಬಳಸಿದ ನೀರು ಇನ್ನೊಂದು ದಾರಿ, ಎರಡೂ ಸೇರಬಾರದು ಎಂಬುದು ಆ ಲೆಕ್ಕಾಚಾರ.

ಊರು ಆ ಲೆಕ್ಕವನ್ನು ಮೀರಿ ಬೆಳೆಯಿತು. ಕೂಕಟ್‌ಪಲ್ಲಿ, ಪಿಕೆಟ್, ಬಂಜಾರಾ, ಬಲ್ಕಾಪುರ ನಾಲೆಗಳು ಮಳೆನೀರು ತರುವ ಬದಲು ಮನೆಗಳ ಕೊಳಚೆ ತರತೊಡಗಿದವು. ಕೂಕಟ್‌ಪಲ್ಲಿ ನಾಲೆಯಲ್ಲಿ ಬಾಲಾನಗರ, ಜೀಡಿಮೆಟ್ಲ ಕಡೆಯ ಕಾರ್ಖಾನೆಗಳ ನೀರೂ ಬಂತು. ಪಂಕ್ತಿಗೆ ಬಡಿಸಿದ್ದೇ ಬಡಿಸಿದ್ದು, ಎಲೆ ತೆಗೆಯುವವರೇ ಇಲ್ಲ.

ಬೆಂಗಳೂರಿಗೆ ಬಂದಿದ್ದ ಸಾಹೇಬರು

ಎಲೆ ತೆಗೆಯುವ ಉಪಾಯವೇ ಶುದ್ಧೀಕರಣ ಘಟಕ. ಅಲ್ಲಿ ಏನೋ ದೊಡ್ಡ ಔಷಧ ಹಾಕುತ್ತಾರೆ ಎಂದು ನಾನು ತಿಳಿದಿದ್ದೆ. ಅಲ್ಲಿಯೂ ಮುಖ್ಯ ಕೆಲಸಗಾರರು ಇದೇ ಬ್ಯಾಕ್ಟೀರಿಯಾಗಳು! ಕೊಳಚೆಗೆ ಗಾಳಿ ಊದಿ ಊದಿ ಮೊದಲ ಪಂಕ್ತಿಯನ್ನು ಏಳಲು ಬಿಡದೆ ಉಣಿಸುವುದು, ಉಂಡು ದಪ್ಪಗಾಗಿ ತಳಕ್ಕೆ ಕೂತ ಬ್ಯಾಕ್ಟೀರಿಯಾಗಳ ಕೆಸರಿನಲ್ಲಿ ಒಂದಷ್ಟನ್ನು ಹೊಸ ಕೊಳಚೆಗೆ ಹೆಪ್ಪಿನಂತೆ ಮತ್ತೆ ಹಾಕುವುದು, ಇಷ್ಟೇ ಅದರ ಗುಟ್ಟು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು 1914ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು. ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಎಲ್ಲಿಗೆ ಬಂದರು ಗೊತ್ತೇ? ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಪ್ರಾಧ್ಯಾಪಕರಾಗಿ. ಕೊಳಚೆಯನ್ನು ಸೂಕ್ಷ್ಮಜೀವಿಗಳಿಂದ ತೊಳೆಯುವ ವಿದ್ಯೆ ಕನ್ನಡನಾಡಿಗೆ ಅಷ್ಟು ಹಿಂದೆಯೇ ಕಾಲಿಟ್ಟಿತ್ತು.

ಹುಸೇನ್ ಸಾಗರಕ್ಕೂ ಇದೇ ಮದ್ದು. 1990ರ ದಶಕದ ಕೊನೆಯಲ್ಲಿ ಕೆರೆಯ ದಂಡೆಯಲ್ಲಿ ದಿನಕ್ಕೆ 2 ಕೋಟಿ ಲೀಟರ್ ಸಾಮರ್ಥ್ಯದ ಘಟಕ ಬಂತು. 2006ರಲ್ಲಿ ಜಪಾನಿನ ಸಾಲದ ನೆರವಿನಿಂದ ದೊಡ್ಡ ಯೋಜನೆಯೇ ಶುರುವಾಯಿತು. ನಾಲೆಗಳ ಕೊಳಚೆಯನ್ನು ತಡೆದು ಬೇರೆ ಕಡೆ ತಿರುಗಿಸುವುದು, ಶುದ್ಧೀಕರಿಸಿದ ನೀರನ್ನು ಕೆರೆಗೆ ಬಿಡುವುದು, ಹೂಳೆತ್ತುವುದು ಎಲ್ಲ ಅದರಲ್ಲಿತ್ತು. ತಿರುಗಿಸಿದ ಕೊಳಚೆಗಾಗಿ ಅಂಬರ್‌ಪೇಟೆಯಲ್ಲಿ ದಿನಕ್ಕೆ 33.9 ಕೋಟಿ ಲೀಟರ್ ತೊಳೆಯಬಲ್ಲ ಘಟಕವಿದೆ. ಒಣ ದಿನಗಳಲ್ಲಿ ಈ ವ್ಯವಸ್ಥೆ ಕೆರೆಯ ಹೊರೆಯನ್ನು ಇಳಿಸುತ್ತದೆ. ಜೋರು ಮಳೆ ಬಂದಾಗ ಮಾತ್ರ ನಾಲೆ ತಡೆಗೋಡೆಯ ಮೇಲೆ ಹರಿದು, ಕೊಳಚೆಯನ್ನೂ ಎಳೆದುಕೊಂಡು ನೇರವಾಗಿ ಕೆರೆಗೇ ಬೀಳುತ್ತದೆ.

ಹಸಿರು ಏಕೆ ಹೋಗುತ್ತಿಲ್ಲ?

ಅಜ್ಜಿಯ ಪ್ರಶ್ನೆಯ ತಿರುಳು ಇಲ್ಲಿದೆ. ಇಷ್ಟೆಲ್ಲ ಮಾಡಿದರೂ ಕೆರೆ ಏಕೆ ತಿಳಿಯಾಗಲಿಲ್ಲ?

ಸಾಮಾನ್ಯ ಶುದ್ಧೀಕರಣ ಘಟಕ ಕೊಳಚೆಯ ಇಂಗಾಲವನ್ನು ಚೆನ್ನಾಗಿ ತೆಗೆಯುತ್ತದೆ. ಸಾರಜನಕ, ರಂಜಕಗಳನ್ನು ತೆಗೆಯಲು ಬೇರೆಯೇ ಏರ್ಪಾಡು ಬೇಕು. ಅದಿಲ್ಲದಿದ್ದರೆ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಪಾಚಿಯ ಪಾಲಿಗೆ ಅದು ಗೊಬ್ಬರದ ನೀರು.

ಸಾರಜನಕವಾದರೆ ಎರಡನೇ ಪಂಕ್ತಿಯ ಮೂಲಕ ಗಾಳಿಗೆ ಹೋಗಬಲ್ಲದು. ರಂಜಕಕ್ಕೆ ಆ ದಾರಿ ಇಲ್ಲ. ಒಮ್ಮೆ ಕೆರೆಗೆ ಬಂತೆಂದರೆ ನೀರಿನಲ್ಲಿರಬೇಕು ಅಥವಾ ಕೆಸರಿನಲ್ಲಿರಬೇಕು. ಇದರ ಮಹಿಮೆಯನ್ನು ಕೆನಡಾದಲ್ಲಿ 1973ರಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿ ಕಣ್ಣಿಗೆ ಕಟ್ಟುವಂತೆ ತೋರಿಸಿದರು. 226ನೇ ನಂಬರಿನ ಒಂದು ಕೆರೆಯನ್ನು ಮಧ್ಯದಲ್ಲಿ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ಇಂಗಾಲ, ಸಾರಜನಕ ಹಾಕಿದರು. ಇನ್ನೊಂದಕ್ಕೆ ಅವೆರಡರ ಜೊತೆಗೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಭಾಗ ಪಚ್ಚೆ ಹಸಿರಾಯಿತು, ಪಕ್ಕದ ಭಾಗ ಇದ್ದ ಹಾಗೇ ಇತ್ತು.

ಈಗ ಮೂರನೇ ಪಂಕ್ತಿಯನ್ನು ನೆನಪಿಸಿಕೊಳ್ಳಿ. ಹುಸೇನ್ ಸಾಗರದ ತಳದಲ್ಲಿ ದಶಕಗಳ ಕೊಳಚೆಯ ರಂಜಕ ಕೂತಿದೆ. ತಳದಲ್ಲಿ ಆಮ್ಲಜನಕ ಮುಗಿದಾಗಲೆಲ್ಲ ಬ್ಯಾಕ್ಟೀರಿಯಾಗಳು ತುಕ್ಕನ್ನು ಕರಗಿಸುತ್ತವೆ, ರಂಜಕ ಮೇಲೆ ಬರುತ್ತದೆ, ಪಾಚಿ ಬೆಳೆಯುತ್ತದೆ, ಪಾಚಿ ಸತ್ತು ತಳಕ್ಕೆ ಬಿದ್ದು ಆಮ್ಲಜನಕ ಮತ್ತೆ ಮುಗಿಯುತ್ತದೆ. ಹಳೆಯ ಸಾಲಕ್ಕೆ ಬಡ್ಡಿ ಬೆಳೆದಂತೆ! ಹೊಸ ಕೊಳಚೆಯನ್ನು ಪೂರ್ತಿ ನಿಲ್ಲಿಸಿದರೂ ಹಳೆಯ ಸಾಲ ತೀರಲು ವರ್ಷಗಳೇ ಬೇಕು. "ಇಪ್ಪತ್ತು ವರ್ಷದಿಂದ ಕೇಳ್ತಾನೇ ಇದೀನಿ" ಎಂದ ಅಜ್ಜಿಗೆ ಇದೇ ಉತ್ತರ.

ನೀರಿನ ಮೇಲೆ ಬಣ್ಣ ಚೆಲ್ಲಿದಂತೆ ತೇಲುವ ಹಸಿರು ಹಲವು ಸಲ ನಿಜವಾದ ಪಾಚಿಯೂ ಅಲ್ಲ, ಸಯನೋಬ್ಯಾಕ್ಟೀರಿಯಾ, ಅಂದರೆ ನೀಲಿ ಹಸಿರು ಪಾಚಿ ಎಂದು ನಾವು ಕರೆಯುವ ಬ್ಯಾಕ್ಟೀರಿಯಾ. ಮೈಕ್ರೋಸಿಸ್ಟಿಸ್ ಎಂಬ ಜಾತಿ ತನ್ನೊಳಗೇ ಗಾಳಿಚೀಲ ಇಟ್ಟುಕೊಂಡು ತೇಲುತ್ತದೆ. ಇದರ ಕೆಲವು ಬಗೆಗಳು ಯಕೃತ್ತಿಗೆ ಕೆಡುಕು ಮಾಡುವ ವಿಷ ಬಿಡುತ್ತವೆ. ಹಸಿರು ಕೆನೆ ಕಟ್ಟಿದ ನೀರಿಗೆ ಮಕ್ಕಳನ್ನು, ನಾಯಿಯನ್ನು, ದನವನ್ನು ಇಳಿಸಬೇಡಿ ಎನ್ನುವುದು ಇದಕ್ಕೇ.

ಮೀನುಗಳು ಬೆಳಗಿನ ಜಾವದಲ್ಲೇ ಹೆಚ್ಚಾಗಿ ಸಾಯುವ ಕಾರಣವೂ ಈ ಹಸಿರಿನಲ್ಲೇ ಇದೆ. ಹಗಲಿನಲ್ಲಿ ಬಿಸಿಲಿಗೆ ಪಾಚಿ ಆಮ್ಲಜನಕ ಕೊಡುತ್ತದೆ. ರಾತ್ರಿ ಅದೂ ಉಸಿರಾಡಬೇಕಲ್ಲ! ಪಾಚಿ, ಬ್ಯಾಕ್ಟೀರಿಯಾ, ಮೀನು ಮೂವರೂ ಒಂದೇ ಗಡಿಗೆಯಿಂದ ಮೊಗೆದರೆ ಸೂರ್ಯ ಹುಟ್ಟುವ ಮುನ್ನ ಗಡಿಗೆ ಖಾಲಿ. ಮೊದಲ ಮಳೆ ನಾಲೆಗಳ ಹೊಲಸನ್ನು ತಂದು ಸುರಿದು, ತಳದ ಕಪ್ಪು ಕೆಸರನ್ನೂ ಕಲಕಿಬಿಟ್ಟರೆ ಒಂದೇ ರಾತ್ರಿಯಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತವೆ. ಆ ಬೆಳಿಗ್ಗೆ ಬಲೆ ಹಿಡಿದು ಬಂದ ಬೆಸ್ತರ ಮನೆಯಲ್ಲಿ ಒಲೆ ಹೊತ್ತುವುದಿಲ್ಲ.

ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. 2015, 2017, 2018ರಲ್ಲಿ ಅಲ್ಲಿ ನೀರಿನ ಮೇಲೆ ಬೆಂಕಿಯೇ ಎದ್ದಿತು. ನೊರೆ ಉಕ್ಕಿ ರಸ್ತೆಗೆ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯವರು ಬಟ್ಟೆ ಸೋಪಿನ ಪುಡಿಯ ರಂಜಕದ ಕಡೆಗೂ ಬೊಟ್ಟು ಮಾಡಿದರು. ನಮ್ಮ ಬಚ್ಚಲಿಗೂ ಕೆರೆಗೂ ಇರುವ ದೂರ ನಾವು ಅಂದುಕೊಂಡಷ್ಟಿಲ್ಲ.

ಬಾಟಲಿಯ ಬ್ಯಾಕ್ಟೀರಿಯಾ, ಗಣಪತಿ ಮತ್ತು ಔಷಧ

ಈಚೆಗೆ ಕೆರೆಗಳಿಗೆ ಬ್ಯಾಕ್ಟೀರಿಯಾ ಸುರಿದು ಶುದ್ಧ ಮಾಡುವ ಪದ್ಧತಿ ಬಂದಿದೆ. ಹುಸೇನ್ ಸಾಗರದಲ್ಲೂ ಹೆಚ್.ಎಂ.ಡಿ.ಎ. ಇದನ್ನು ಮಾಡಿಸಿದೆ. ಇದರಿಂದ ಉಪಯೋಗವಿಲ್ಲವೇ? ಗಾಳಿ ಊದುವ ಯಂತ್ರದ ಜೊತೆಗೆ ಮಾಡಿದರೆ ವಾಸನೆ ಕಡಿಮೆಯಾಗಬಹುದು. ಆದರೆ ಪಂಕ್ತಿಯ ಲೆಕ್ಕ ಬಲ್ಲವರಿಗೆ ಒಂದು ಸಂಗತಿ ಹೊಳೆಯುತ್ತದೆ. ಕೆರೆಯಲ್ಲಿ ಕೊರತೆ ಇರುವುದು ಉಣ್ಣುವವರದ್ದಲ್ಲ, ಆಮ್ಲಜನಕದ್ದು. ಮೇಲಾಗಿ ರಂಜಕವನ್ನು ಯಾವ ಬ್ಯಾಕ್ಟೀರಿಯಾವೂ ಗಾಳಿಗೆ ಕಳಿಸಲಾರದು. ನಾಲೆಯ ಬಾಯಿ ತೆರೆದಿಟ್ಟು ಹೆಪ್ಪು ಹಾಕುತ್ತಾ ಹೋದರೆ ಹೆಪ್ಪಿನ ಖರ್ಚು ಮಾತ್ರ ಬೆಳೆಯುತ್ತದೆ.

ಗಣಪತಿಯ ವಿಷಯದಲ್ಲಿ ಬಣ್ಣಗಳ ಸೀಸ, ಪಾದರಸದ ಮಾತು ನೀವು ಕೇಳಿರುತ್ತೀರಿ. ಇನ್ನೊಂದಿದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂದರೆ ಕ್ಯಾಲ್ಸಿಯಂ ಸಲ್ಫೇಟ್. ಅದು ಕರಗಿದರೆ ನಾಲ್ಕನೇ ಪಂಕ್ತಿಗೆ, ಅಂದರೆ ಕೊಳೆತ ಮೊಟ್ಟೆಯ ವಾಸನೆಯವರಿಗೆ, ಉಸಿರು ಸಿಕ್ಕಂತೆ. 2021ರಲ್ಲಿ ತೆಲಂಗಾಣ ಹೈಕೋರ್ಟ್ ಇಂಥ ಮೂರ್ತಿಗಳನ್ನು ಹುಸೇನ್ ಸಾಗರದಲ್ಲಿ ಮುಳುಗಿಸಬಾರದೆಂದು ಆದೇಶಿಸಿತ್ತು. ಸುಪ್ರೀಂ ಕೋರ್ಟ್ ಆ ಒಂದು ವರ್ಷಕ್ಕೆ ವಿನಾಯಿತಿ ಕೊಟ್ಟಿತು. ಮಣ್ಣಿನ ಗಣಪ ಮಣ್ಣಿಗೆ ಸೇರುತ್ತಾನೆ, ಯಾರಿಗೂ ಉಪದ್ರವವಿಲ್ಲ.

ಇವೆಲ್ಲಕ್ಕಿಂತ ನನಗೆ ನಿದ್ದೆ ಕೆಡಿಸಿದ ಸಂಗತಿ ಮತ್ತೊಂದು. ನಮ್ಮ ಊರು ಔಷಧ ತಯಾರಿಕೆಗೆ ಜಗತ್ಪ್ರಸಿದ್ಧ. ಸುಮಾರು 90 ಔಷಧ ತಯಾರಕರ ತ್ಯಾಜ್ಯ ಬರುತ್ತಿದ್ದ ಪಟಾನ್‌ಚೆರುವಿನ ಶುದ್ಧೀಕರಣ ಘಟಕದಿಂದ ಹೊರಬಿಟ್ಟ ನೀರನ್ನು ಸ್ವೀಡನ್ನಿನ ವಿಜ್ಞಾನಿಗಳು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಸಿಪ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಲೀಟರಿಗೆ 31 ಮಿಲಿಗ್ರಾಂವರೆಗೂ ಇತ್ತು. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಹೆಚ್ಚು! ಇಂಥ ನೀರಿನಲ್ಲಿ ದುರ್ಬಲ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಔಷಧಕ್ಕೆ ಜಗ್ಗದವು ಉಳಿದು ಬೆಳೆಯುತ್ತವೆ. ಜಗ್ಗದಿರುವ ಗುಣವನ್ನು ಅವು ನೆರೆಹೊರೆಯ ಬ್ಯಾಕ್ಟೀರಿಯಾಗಳಿಗೂ ಕೈಬದಲು ಮಾಡಬಲ್ಲವು. ಕೆರೆಯ ಕೆಲಸಗಾರರನ್ನು ನಾವು ಕೆಡಿಸಿದರೆ ನಾಳೆ ಆಸ್ಪತ್ರೆಯಲ್ಲಿ ಮಲಗಿದ ನಮ್ಮ ಮನೆಯವರಿಗೇ ಔಷಧ ನಾಟದೆ ಹೋದೀತು.

ಮೊಮ್ಮಗನಿಗೊಂದು ಪ್ರಯೋಗ

ಅಜ್ಜಿ, ಈ ಭಾಗವನ್ನು ಹುಡುಗನಿಗೆ ಓದಿ ಹೇಳಿ. ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಎಂಬ ರಷ್ಯದ ವಿಜ್ಞಾನಿ 19ನೇ ಶತಮಾನದ ಕೊನೆಯಲ್ಲಿ ಮಾಡುತ್ತಿದ್ದ ಪ್ರಯೋಗ ಇದು. ಒಂದು ತಿಳಿ ಪ್ಲಾಸ್ಟಿಕ್ ಬಾಟಲಿಗೆ ಕೆರೆಯ ದಂಡೆಯ ಕೆಸರನ್ನು ಮುಕ್ಕಾಲು ಭಾಗ ತುಂಬಿ. ಕೊಳಚೆ ಇಲ್ಲದ ಕೆರೆಯದ್ದಾದರೆ ಒಳ್ಳೆಯದು, ಕೈಗವಸು ಹಾಕಿಕೊಂಡು ದೊಡ್ಡವರೇ ತೆಗೆಯಲಿ. ತುಂಬುವ ಮೊದಲು ಕೆಳಗಿನ ಕೆಸರಿಗೆ ಚೂರು ಮಾಡಿದ ಹಳೆಯ ನ್ಯೂಸ್‌ಪೇಪರ್ ಮತ್ತು ಬೇಯಿಸಿದ ಮೊಟ್ಟೆಯ ಒಂದು ಚಮಚ ಹಳದಿ ಬೆರೆಸಿ. ಮೊಟ್ಟೆ ಬೇಡವೆಂದರೆ ಜಿಪ್ಸಂ ಪುಡಿ ಆದೀತು. ಮೇಲೆ ಎರಡಿಂಚು ಕೆರೆಯ ನೀರು ಹಾಕಿ, ಮುಚ್ಚಳ ಸಡಿಲವಾಗಿರಲಿ, ಒಳಗೆ ಅನಿಲ ಹುಟ್ಟುತ್ತದೆ. ನೇರ ಬಿಸಿಲು ಬೀಳದ ಕಿಟಕಿಯ ಬಳಿ ಆರರಿಂದ ಎಂಟು ವಾರ ಇಡಿ.

ಮೇಲೆ ಹಸಿರು, ಅದರ ಕೆಳಗೆ ಕಂದು, ಮಧ್ಯೆ ಅದೃಷ್ಟವಿದ್ದರೆ ನೇರಳೆ, ತಳದಲ್ಲಿ ಕಾಡಿಗೆ ಕಪ್ಪು ಪಟ್ಟೆಗಳು ಮೂಡುತ್ತವೆ. ಪಂಕ್ತಿಗಳೆಲ್ಲ ಒಂದೇ ಬಾಟಲಿಯಲ್ಲಿ! ಆ ನೇರಳೆ ಬ್ಯಾಕ್ಟೀರಿಯಾಗಳು ಕೊಳೆತ ಮೊಟ್ಟೆ ವಾಸನೆಯ ಅನಿಲವನ್ನೇ ಬಿಸಿಲಿನ ಬಲದಿಂದ ಉಂಡು ಬದುಕುತ್ತವೆ. ಒಬ್ಬರ ಹೊಲಸು ಇನ್ನೊಬ್ಬರ ಅನ್ನ.

ಹುಡುಗನ ಪ್ರಶ್ನೆಗೆ ಈಗ ಉತ್ತರ. ಮಗೂ, ಕೆರೆ ಸತ್ತಿಲ್ಲ. ಅದರೊಳಗಿನ ಕೋಟಿ ಕೋಟಿ ಕೆಲಸಗಾರರು ಹಗಲೂ ರಾತ್ರಿ ದುಡಿಯುತ್ತಲೇ ಇದ್ದಾರೆ. ನಾವು ಅವರಿಗೆ ಮಿತಿಮೀರಿ ಬಡಿಸಿ, ಉಸಿರು ಮಾತ್ರ ಕಡಿಮೆ ಕೊಟ್ಟಿದ್ದೇವೆ. ಈ ಕೆರೆಯ ನೀರು ಮೂಸಿಗೆ, ಮೂಸಿಯಿಂದ ವಾಡಪಲ್ಲಿಯ ಬಳಿ ಕೃಷ್ಣೆಗೆ ಹೋಗುತ್ತದೆ. ನಮ್ಮ ನಲ್ಲಿಗೆ ಬರುವ ನೀರಿನಲ್ಲಿ ಬೀದರ ಜಿಲ್ಲೆಯನ್ನು ಹಾದು ಬರುವ ಮಾಂಜ್ರಾ ಇದೆ, ಕರ್ನಾಟಕವನ್ನು ದಾಟಿ ಬರುವ ಕೃಷ್ಣೆ ಇದೆ. ಮೇಲಿನ ಊರಿನವರು ಚೆನ್ನಾಗಿ ಕಳಿಸಿಕೊಟ್ಟರೆ ನಮಗೆ ಸುಖ, ನಾವು ಚೆನ್ನಾಗಿ ಕಳಿಸಿಕೊಟ್ಟರೆ ಕೆಳಗಿನವರಿಗೆ ಸುಖ.

ಬಾಟಲಿಯಲ್ಲಿ ನೇರಳೆ ಪಟ್ಟೆ ಬಂದರೆ ನಮ್ಮ ಕಾರ್ಯಕ್ರಮಕ್ಕೆ ಫೋನ್ ಮಾಡಿ ತಿಳಿಸಿ. ಈ ಸಲ ಅರ್ಧ ನಿಮಿಷಕ್ಕೆ ಮಾತು ಮುಗಿಸುವುದಿಲ್ಲ, ಹಾಡು ಸ್ವಲ್ಪ ಕಾದರೂ ಚಿಂತೆಯಿಲ್ಲ. ಮತ್ತೆ ಗಾಳಿಯಲ್ಲಿ ಭೇಟಿಯಾಗೋಣ.